ಸ್ಕ್ಯಾನಿಂಗ್ ಸರಿ ಇದ್ದರೆ ಸಾಕೇ? ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳ ಕುರಿತು ಬರೆದ ಬಳಿಕ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ರಕ್ತಸ್ರಾವ, ಬಿಳಿ ಸೆರಗು ಮತ್ತು ಗರ್ಭಕೊರಳಿನ ಕ್ಯಾನ್ಸರಿನ ಭಯಕ್ಕೆ ಸಂಬಂಧಿಸಿದವು. ಹೆಸರು ಬರೆದವರು ಕಡಿಮೆ. ಬರೆದವರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಮಳೆಗಾಲದಲ್ಲಿ ಒಮ್ಮೆ, ಈಗ ಅಡಿಕೆ ಕೊಯ್ಲಿನ ಸಮಯದಲ್ಲಿ ಇನ್ನೊಮ್ಮೆ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ನೋವೇನೂ ಇಲ್ಲ. ಅಂಗಳದ ಬಿಸಿಲಿನಲ್ಲಿ ಕೆಲಸ ಮಾಡಿ ಉಷ್ಣವಾಗಿದೆ ಎಂದು ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ಮಗ ಪೇಟೆಗೆ ಕರೆದುಕೊಂಡು ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ. ಎಲ್ಲವೂ ಸರಿ ಇದೆ ಎಂದು ವರದಿ ಬಂದಿದೆ. ಇನ್ನು ಸುಮ್ಮನಿರಬಹುದೇ? (ಮುಳ್ಳೇರಿಯ)

ಉತ್ತರ: ಸುಮ್ಮನಿರಬಾರದು. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದು ನಿಂತಿತೆಂದು ಲೆಕ್ಕ. ಆ ಬಳಿಕ ಕಾಣಿಸುವ ರಕ್ತ ಒಂದು ತೊಟ್ಟೇ ಆಗಿರಲಿ, ಒಂದೇ ದಿನದ್ದಾಗಿರಲಿ, ಕಾರಣ ಗೊತ್ತಾಗುವವರೆಗೆ ಅದನ್ನು ಬಿಡುವಂತಿಲ್ಲ. ನೋವಿಲ್ಲವೆಂಬುದನ್ನು ನೀವು ಸಮಾಧಾನದ ಸಂಗತಿಯಾಗಿ ಬರೆದಿದ್ದೀರಿ. ಗರ್ಭಕೊರಳಿನ ಕ್ಯಾನ್ಸರ್ ಆರಂಭದಲ್ಲಿ ನೋಯುವುದಿಲ್ಲ. ಅದು ಸುತ್ತಲಿನ ಅಂಗಗಳಿಗೆ ಹಬ್ಬಿದ ಮೇಲೆ, ನರಗಳನ್ನು ಒತ್ತತೊಡಗಿದ ಮೇಲೆ ನೋವು ಶುರುವಾಗುತ್ತದೆ. ಆದ್ದರಿಂದ ನೋವಿಗಾಗಿ ಕಾಯುವವರು ತಡವಾಗಿಯೇ ಆಸ್ಪತ್ರೆ ತಲುಪುತ್ತಾರೆ.

ಹಾಗೆಂದು ಈಗಲೇ ಹೆದರಬೇಕಾದ್ದೂ ಇಲ್ಲ. ಈ ವಯಸ್ಸಿನಲ್ಲಿ ಇಂತಹ ರಕ್ತಸ್ರಾವಕ್ಕೆ ಹೆಚ್ಚಾಗಿ ಕಾರಣವಾಗುವುದು ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗುವುದು, ಅಥವಾ ಪಾಲಿಪ್ ಎಂಬ ನಿರಪಾಯಕಾರಿ ಸಣ್ಣ ಬೆಳವಣಿಗೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಈ ಪಟ್ಟಿಯಲ್ಲಿ ಇರುವುದರಿಂದಲೇ ತಪಾಸಣೆ ಬೇಕಾಗುತ್ತದೆ. ಇವುಗಳಲ್ಲಿ ಯಾವುದು ಎಂದು ಪತ್ರ ಓದಿ ಹೇಳಲು ನನಗೆ ಆಗದು, ನಾಡಿ ಹಿಡಿದು ಹೇಳಲು ಪಂಡಿತರಿಗೂ ಆಗದು.

ಸ್ಕ್ಯಾನಿಂಗ್ ವರದಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಬಾರಿ ಬಂದ ಪತ್ರಗಳಲ್ಲಿ ಹಲವು ಆ ವರದಿಯನ್ನೇ ನೆಚ್ಚಿಕೊಂಡಿವೆ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್ ಗರ್ಭಕೋಶದ ಗಾತ್ರ, ಗಡ್ಡೆ, ಅಂಡಾಶಯದ ನೀರ್ಗುಳ್ಳೆ, ಒಳಪದರದ ದಪ್ಪ ಇವುಗಳನ್ನು ತೋರಿಸುತ್ತದೆ. ಗರ್ಭಕೋಶದ ಕೆಳತುದಿ ಯೋನಿಯೊಳಗೆ ಚಾಚಿಕೊಂಡಿರುವ ಭಾಗವೇ ಗರ್ಭಕೊರಳು. ಕ್ಯಾನ್ಸರ್ ಮೊದಲು ಹುಟ್ಟುವುದು ಅದರ ಹೊರಮೈಯ ತೆಳುವಾದ ಪದರದಲ್ಲಿ. ಅಷ್ಟು ಸಣ್ಣ ಬದಲಾವಣೆ ಸ್ಕ್ಯಾನಿಂಗ್ ಪರದೆಯಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವಷ್ಟು ಬೆಳೆದಿದ್ದರೆ ರೋಗ ಸಾಕಷ್ಟು ಮುಂದುವರಿದಿರುತ್ತದೆ. ಅದೇ ಗರ್ಭಕೊರಳನ್ನು ಯಾವ ಕೊಯ್ತವೂ ಇಲ್ಲದೆ, ಯಾವ ದೊಡ್ಡ ಯಂತ್ರವೂ ಇಲ್ಲದೆ, ಬರಿಗಣ್ಣಿನಿಂದ ನೋಡಬಹುದು. ಒಳಗಿನ ಅಂಗವೊಂದನ್ನು ಇಷ್ಟು ಸುಲಭವಾಗಿ ನೋಡಲು ಸಾಧ್ಯವಿದ್ದೂ ನೋಡದೆ ಬಿಡುವುದು, ನನ್ನ ಅಭಿಪ್ರಾಯದಲ್ಲಿ, ನಮ್ಮ ಕಡೆಯ ದೊಡ್ಡ ಲೋಪ. ಇದರಲ್ಲಿ ರೋಗಿಗಳ ಸಂಕೋಚದಷ್ಟೇ ವೈದ್ಯರ ಅವಸರದ ಪಾಲೂ ಇದೆ.

ಆ ಪರೀಕ್ಷೆ ಹೇಗಿರುತ್ತದೆಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಪರದೆಯ ಹಿಂದೆ ಮಂಚದ ಮೇಲೆ ಮಲಗಿ ಮೊಣಕಾಲು ಮಡಚಿಕೊಳ್ಳಬೇಕು. ವೈದ್ಯೆ ಸ್ಪೆಕ್ಯುಲಮ್ ಎಂಬ ಸಣ್ಣ ಉಪಕರಣವನ್ನು ಒಳಗಿಟ್ಟು ಯೋನಿಯ ಗೋಡೆಗಳನ್ನು ಮೆಲ್ಲಗೆ ಬಿಡಿಸಿ ದೀಪ ಹಾಯಿಸುತ್ತಾರೆ. ಆರೋಗ್ಯವಂತ ಗರ್ಭಕೊರಳು ನಸುಗೆಂಪಾಗಿ, ನುಣುಪಾಗಿ ಕಾಣುತ್ತದೆ. ನಡುವೆ ಸಣ್ಣ ರಂಧ್ರ, ಹೆರಿಗೆಯಾದವರಲ್ಲಿ ಅದು ಅಡ್ಡ ಗೀರಿನಂತಿರುತ್ತದೆ. ಮೈ ಒರಟಾಗಿದ್ದರೆ, ಹುಣ್ಣೋ ಗಂಟುಗಂಟಾದ ಬೆಳವಣಿಗೆಯೋ ಇದ್ದರೆ, ಹತ್ತಿಯಿಂದ ಮುಟ್ಟಿದರೆ ಸಾಕು ರಕ್ತ ಜಿನುಗುತ್ತಿದ್ದರೆ, ಅಲ್ಲಿಂದ ಸಣ್ಣ ಚೂರು ತೆಗೆದು ಬಯಾಪ್ಸಿಗೆ, ಎಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳುಹಿಸುತ್ತಾರೆ. ನೋಡುವ ಕೆಲಸಕ್ಕೆ ಐದು ನಿಮಿಷವೂ ಬೇಡ. ನಿಮ್ಮ ಸ್ಕ್ಯಾನಿಂಗ್ ವರದಿ ವ್ಯರ್ಥವೇನೂ ಅಲ್ಲ, ಗರ್ಭಕೋಶದ ಒಳಪದರದ ಬಗ್ಗೆ ಅದು ಹೇಳುವುದು ಉಪಯೋಗಕ್ಕೆ ಬರುತ್ತದೆ; ಅದನ್ನು ಹಿಡಿದುಕೊಂಡೇ ಈ ವಾರ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ, ಒಳಪರೀಕ್ಷೆ ಮಾಡಬೇಕೆಂದು ನೀವಾಗಿಯೇ ಕೇಳಿ.

ಪ್ರಶ್ನೆ: ವಯಸ್ಸು 38, ಇಬ್ಬರು ಮಕ್ಕಳು. ಯಜಮಾನರು ದುಬೈಯಲ್ಲಿದ್ದಾರೆ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ಎರಡು ವರ್ಷಗಳಿಂದ ಅವರು ಬಂದಾಗ ಕೂಡಿದ ಬಳಿಕ ರಕ್ತ ಕಾಣಿಸುತ್ತದೆ. ಬಹಳ ದಿನಗಳ ಅಂತರದಿಂದ ಹೀಗಾಗುತ್ತದೆ ಎಂದುಕೊಂಡಿದ್ದೆ. ಅವರು ಹೋದ ಮೇಲೆ ಏನೂ ಇಲ್ಲ. ಇದನ್ನು ಯಾರಲ್ಲಿ ಹೇಳಲಿ? (ಉಪ್ಪಳ)

ಉತ್ತರ: ವೈದ್ಯರಲ್ಲಿ ಹೇಳಬೇಕು, ಮುಂದಿನ ರಜೆಯವರೆಗೆ ಕಾಯದೆ ಹೇಳಬೇಕು. ಕೂಡಿದ ನಂತರದ ರಕ್ತಸ್ರಾವ ಈ ಕ್ಯಾನ್ಸರಿನ ಲಕ್ಷಣಗಳಲ್ಲಿ ಬಹಳ ಮುಖ್ಯವಾದದ್ದು. ಗರ್ಭಕೊರಳಿನ ಮೇಲೆ ಹೊಸದಾಗಿ ಬೆಳೆದ ಅಂಗಾಂಶದಲ್ಲಿ ರಕ್ತನಾಳಗಳು ತೆಳುವಾಗಿ, ಅಡ್ಡಾದಿಡ್ಡಿಯಾಗಿ ಇರುವುದರಿಂದ ಸ್ವಲ್ಪ ತಾಗಿದರೂ ಒಡೆಯುತ್ತವೆ. ತಾಗುವ ಸಂದರ್ಭ ಇಲ್ಲದಿದ್ದಾಗ ರಕ್ತವೂ ಕಾಣುವುದಿಲ್ಲ. ನಿಮ್ಮ ವಿಷಯದಲ್ಲಿ ಆಗಿರುವುದು ಇದೇ ಇರಬಹುದು: ಯಜಮಾನರು ಹೋದ ಮೇಲೆ ಲಕ್ಷಣ ಮರೆಯಾಯಿತು, ಕಾರಣ ಅಲ್ಲಿಯೇ ಉಳಿದಿರಲೂಬಹುದು. ಗಲ್ಫ್‌ನಲ್ಲಿ ದುಡಿಯುವವರ ಮನೆಗಳು ಹೆಚ್ಚಿರುವ ನಮ್ಮ ಕರಾವಳಿಯಲ್ಲಿ ಈ ಎಚ್ಚರಿಕೆ ವರ್ಷದಲ್ಲಿ ಕೆಲವೇ ವಾರ ಕಾಣಿಸಿ ಮತ್ತೆ ಮರೆತುಹೋಗುವುದು ಹೊಸತೇನಲ್ಲ. ವಿಧವೆಯರಿಗೆ, ಒಂಟಿಯಾಗಿ ಬದುಕುವವರಿಗೆ ಈ ಲಕ್ಷಣ ಕಾಣಿಸುವ ಅವಕಾಶವೇ ಇರುವುದಿಲ್ಲ. ಅಂಥವರು ಉಳಿದ ಲಕ್ಷಣಗಳ ಮೇಲೆ ಹೆಚ್ಚು ನಿಗಾ ಇಡಬೇಕು.

ಕ್ಯಾನ್ಸರ್ ಹೊರತಾಗಿಯೂ ಇದಕ್ಕೆ ಕಾರಣಗಳಿವೆ. ಗರ್ಭಕೊರಳಿನ ಉರಿಯೂತ, ಪಾಲಿಪ್, ಒಳಪದರ ಸ್ವಲ್ಪ ಹೊರಚಾಚಿಕೊಂಡಿರುವ ನಿರಪಾಯಕಾರಿ ಸ್ಥಿತಿ, ಲೈಂಗಿಕ ಸೋಂಕು, ಯೋನಿಯ ಶುಷ್ಕತೆ ಇವುಗಳಲ್ಲೂ ಹೀಗಾಗಬಹುದು. ನಿಮ್ಮ ವಯಸ್ಸಿನಲ್ಲಿ ಇವೇ ಹೆಚ್ಚು. ಒಮ್ಮೆ ಒಳಪರೀಕ್ಷೆ ಮತ್ತು ಪ್ಯಾಪ್ ಪರೀಕ್ಷೆ (ಗರ್ಭಕೊರಳಿನ ಜೀವಕೋಶಗಳನ್ನು ಒರೆಸಿ ತೆಗೆದು ನೋಡುವುದು) ಆಗಲಿ. ಯಜಮಾನರು ಜೊತೆಗೆ ಬರಬೇಕೆಂದಿಲ್ಲ, ಅವರ ಒಪ್ಪಿಗೆಯ ಸಹಿಯೂ ಬೇಕಿಲ್ಲ. ಪುರುಷ ವೈದ್ಯರಲ್ಲಿ ಹೇಳಲು ಸಂಕೋಚವಾದರೆ ವೈದ್ಯೆ ಇರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿಕೊಂಡು ಹೋಗಿ. ಒಳಗೆ ಹೋದ ಮೇಲೆ "ಹೊಟ್ಟೆನೋವು" ಎಂದು ಸುತ್ತಿ ಬಳಸಿ ಹೇಳಿದರೆ ಹೊಟ್ಟೆನೋವಿನ ಮಾತ್ರೆಯೇ ಸಿಗುತ್ತದೆ. ಕೂಡಿದ ಮೇಲೆ ರಕ್ತ ಬರುತ್ತದೆ ಎಂಬ ಒಂದು ವಾಕ್ಯವನ್ನು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಪ್ರಶ್ನೆ: ಬಿಳಿ ಸೆರಗು ನನಗೆ ಹಲವು ವರ್ಷಗಳಿಂದ ಇದೆ. ಈಚೆಗೆ ವಾಸನೆ ಬರುತ್ತಿದೆ, ಬಣ್ಣವೂ ಬದಲಾಗಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತೆಗೆದುಕೊಂಡಾಗ ಒಂದು ವಾರ ಕಡಿಮೆಯಾಗಿ ಮತ್ತೆ ಬರುತ್ತದೆ. ವಯಸ್ಸು 46. (ಪೆರ್ಲ)

ಉತ್ತರ: ಎಲ್ಲ ಬಿಳಿ ಸೆರಗೂ ರೋಗವಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ, ಬಸುರಿಯಾಗಿದ್ದಾಗ ತೆಳುವಾದ, ವಾಸನೆಯಿಲ್ಲದ ದ್ರವ ಹೋಗುವುದು ಸಹಜ. ವಿಪರೀತ ತುರಿಕೆಯೊಡನೆ ಬಿಳಿಯ ಗಟ್ಟಿ ದ್ರವ ಹೋದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಮರುಕಳಿಸುತ್ತಲೇ ಇರುತ್ತದೆ. ಇವೆಲ್ಲ ಮದ್ದಿಗೆ ಬಗ್ಗುವಂಥವು.

ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಕಾಣುವ ಸ್ರಾವದ ಸ್ವಭಾವ ಬೇರೆ. ಅದು ನೀರಾಗಿರುತ್ತದೆ, ತುರಿಕೆ ಇರುವುದು ಕಡಿಮೆ, ಬಟ್ಟೆ ಬದಲಾಯಿಸಿದರೂ ನಿಲ್ಲುವುದಿಲ್ಲ. ಬಣ್ಣ ಮೀನು ತೊಳೆದ ನೀರಿನಂತೆ ನಸುಗೆಂಪು, ಕೆಲವೊಮ್ಮೆ ಕಂದು. ಬೆಳವಣಿಗೆಯ ಮೇಲ್ಭಾಗ ಕೊಳೆಯತೊಡಗಿದಾಗ ದುರ್ವಾಸನೆ ಸೇರಿಕೊಳ್ಳುತ್ತದೆ. ಎಷ್ಟು ಮಿಂದರೂ ಹೋಗದ ವಾಸನೆಯೆಂದು ಹೆಂಗಸರು ಹೇಳುವುದುಂಟು, ನಾಲ್ಕು ಜನರ ನಡುವೆ ಕುಳಿತುಕೊಳ್ಳಲು ಹಿಂಜರಿದು ಮದುವೆ, ಪೂಜೆಗಳಿಗೆ ಹೋಗುವುದನ್ನೇ ಬಿಟ್ಟುಬಿಡುವುದೂ ಉಂಟು. ಮನೆಯವರು ಗಮನಿಸಬೇಕಾದದ್ದು ಇಂತಹ ಬದಲಾವಣೆಗಳನ್ನು. ಅಂಗಡಿಯ ಮಾತ್ರೆಯಿಂದ ನಿಮಗೆ ಒಂದು ವಾರ ಕಡಿಮೆಯಾಗುವುದಕ್ಕೂ ಕಾರಣವಿದೆ: ಆಂಟಿಬಯಾಟಿಕ್ ಮೇಲೆ ಸೇರಿಕೊಂಡ ಬ್ಯಾಕ್ಟೀರಿಯಾಗಳನ್ನು ತಗ್ಗಿಸುವುದರಿಂದ ವಾಸನೆ ಇಳಿಯುತ್ತದೆ, ಅಡಿಯಲ್ಲಿರುವ ರೋಗಕ್ಕೆ ಏನೂ ಆಗುವುದಿಲ್ಲ. ಒಂದು ಸಲದ ಮದ್ದಿಗೆ ಹೋಗದ, ಅಥವಾ ಹೋಗಿ ಮರಳಿ ಬಂದ ಸ್ರಾವಕ್ಕೆ ಎರಡನೆಯ ಬಾರಿ ನೋಡದೆ ಮದ್ದು ಕೊಡಕೂಡದು. ಬಣ್ಣ ಬದಲಾಗಿದೆ ಎಂದು ಬರೆದಿದ್ದೀರಾದ್ದರಿಂದ ನಿಮ್ಮನ್ನು ತಡಮಾಡಬೇಡಿ ಎಂದೇ ಒತ್ತಾಯಿಸುತ್ತೇನೆ.

ಪ್ರಶ್ನೆ: ಕಾಪರ್-ಟಿ ಹಾಕಿಸಿಕೊಂಡರೆ ಅಥವಾ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡರೆ ಈ ಕ್ಯಾನ್ಸರ್ ಬರುತ್ತದೆಯೇ? (ಕುಂಬಳೆ)

ಉತ್ತರ: ಇಲ್ಲ. ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ನುಂಗಿದವರಲ್ಲಿ ಅಪಾಯ ಸ್ವಲ್ಪ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಊರಿನ ಗೇರು ತೋಟಗಳಲ್ಲಿ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರು. ನಮ್ಮ ನೆರೆಯ ದೊಡ್ಡಮ್ಮನಿಗೆ ಗರ್ಭಕೊರಳಿನ ಕ್ಯಾನ್ಸರ್ ಆದಾಗ ಎಲ್ಲರೂ ಅದರಿಂದಲೇ ಎಂದರು. ನಿಜವೇ? ಒಬ್ಬನೇ ಗಂಡನೊಂದಿಗೆ ಬಾಳಿದವರಿಗೆ ಬರುವುದಿಲ್ಲ ಎಂದೂ ಕೇಳಿದ್ದೇನೆ. (ಎಣ್ಮಕಜೆ)

ಉತ್ತರ: ಎರಡು ಮಾತೂ ಸರಿಯಲ್ಲ. ಎರಡು ದಶಕಗಳ ಕಾಲ ಹೆಲಿಕಾಪ್ಟರ್‌ನಿಂದ ಸುರಿದ ವಿಷ ಈ ಜಿಲ್ಲೆಯ ಜನರಿಗೆ ಮಾಡಿದ ಹಾನಿಯನ್ನು ಕಡೆಗಣಿಸುವವಳು ನಾನಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದದ್ದು ಸುಮ್ಮನೆ ಅಲ್ಲ. ಆದರೆ ಈ ಒಂದು ಕ್ಯಾನ್ಸರಿನ ಕಾರಣ ಸ್ಪಷ್ಟವಾಗಿ ಗೊತ್ತಿದೆ. ಅದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ 1980ರ ದಶಕದಲ್ಲಿ ಇದರ 16 ಮತ್ತು 18ನೆಯ ತಳಿಗಳನ್ನು ಗರ್ಭಕೊರಳಿನ ಗಡ್ಡೆಗಳಲ್ಲಿ ಗುರುತಿಸಿ 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಜಗತ್ತಿನಲ್ಲಿ ಈ ಕ್ಯಾನ್ಸರಿನ ಸುಮಾರು 70 ಶೇಕಡಾ ಪ್ರಕರಣಗಳಿಗೆ ಈ ಎರಡೇ ತಳಿಗಳು ಕಾರಣ.

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಎಷ್ಟು ಸಾಮಾನ್ಯವೆಂದರೆ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದೊಳಗೆ ತಾನಾಗಿಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದು, 15ರಿಂದ 20 ವರ್ಷಗಳ ನಿಧಾನಗತಿಯಲ್ಲಿ ಜೀವಕೋಶಗಳನ್ನು ಕೆಡಿಸುತ್ತದೆ. ಮದುವೆಯಾದ ಹೊಸತರಲ್ಲಿ ಗಂಡನಿಂದ ಬಂದ ಸೋಂಕು ಐವತ್ತರ ವಯಸ್ಸಿನಲ್ಲಿ ಕ್ಯಾನ್ಸರ್ ಆಗಿ ಕಾಣಿಸಬಹುದು. ಆದ್ದರಿಂದ ಈ ರೋಗ ಬಂದವಳ ನಡತೆಯನ್ನು ಯಾರೂ ಅಳೆಯಬಾರದು. ಗಂಡನನ್ನು ಕಟಕಟೆಗೆ ನಿಲ್ಲಿಸುವುದರಿಂದಲೂ ಏನೂ ಸಿಗದು. ತಂಬಾಕಿನ ಹೊಗೆ, ಎಚ್‌ಐವಿ ಸೋಂಕು, ತೀರಾ ಚಿಕ್ಕ ವಯಸ್ಸಿನ ಮದುವೆ, ಹಲವು ಹೆರಿಗೆಗಳು ವೈರಸ್ಸಿಗೆ ನೆರವಾಗುತ್ತವೆ. ಎಚ್‌ಐವಿ ಇರುವ ಮಹಿಳೆಯರಲ್ಲಿ ಅಪಾಯ ಸುಮಾರು ಆರು ಪಟ್ಟು, ವೇಗವೂ ಹೆಚ್ಚು.

ಪ್ರಶ್ನೆ ಕೇಳಿದ ನಿಮಗೆ ಸಂಬಂಧಿಸದ ಒಂದು ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ಹಗಲಿರುಳು ನೋಡಿಕೊಳ್ಳುವ ತಾಯಂದಿರು ಮಗುವನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಹೋಗುತ್ತಾರೆ, ತಮ್ಮ ಒಂದು ಪರೀಕ್ಷೆಗೆ ಅರ್ಧ ದಿನ ತೆಗೆದಿಡಲು ಅವರಿಗೆ ಆಗುವುದಿಲ್ಲ. ಅಕ್ಕಪಕ್ಕದವರು ಆ ಅರ್ಧ ದಿನ ಮಗುವಿನ ಬಳಿ ಕುಳಿತರೆ ದೊಡ್ಡ ಉಪಕಾರ.

ಪ್ರಶ್ನೆ: ನನಗೆ ಯಾವ ತೊಂದರೆಯೂ ಇಲ್ಲ, ವಯಸ್ಸು 35. ಆಶಾ ಕಾರ್ಯಕರ್ತೆ ಮನೆಗೆ ಬಂದು ಕುಟುಂಬ ಆರೋಗ್ಯ ಕೇಂದ್ರದಲ್ಲಿ ಗರ್ಭಕೊರಳಿನ ಪರೀಕ್ಷೆ ಇದೆ, ಬನ್ನಿ ಎನ್ನುತ್ತಾರೆ. ಲಕ್ಷಣವೇ ಇಲ್ಲದಿರುವಾಗ ಏಕೆ ಹೋಗಬೇಕು? ಅಲ್ಲಿಯ ಕಾಗದಗಳೆಲ್ಲ ಮಲಯಾಳದಲ್ಲಿರುತ್ತವೆ, ಓದಲು ಬರುವುದಿಲ್ಲ. (ಪೈವಳಿಕೆ)

ಉತ್ತರ: ಹೋಗಿ. ಮೇಲೆ ಹೇಳಿದ ಲಕ್ಷಣಗಳೆಲ್ಲ ಕ್ಯಾನ್ಸರ್ ಆದ ಮೇಲಿನವು. ಅದಕ್ಕೆ ಮೊದಲು ಹತ್ತಾರು ವರ್ಷ ಜೀವಕೋಶಗಳು ಕೆಡುತ್ತಾ ಹೋಗುವ ಹಂತವೊಂದಿದೆ; ಆಗ ರಕ್ತವಿಲ್ಲ, ಸ್ರಾವವಿಲ್ಲ, ಏನೂ ಇಲ್ಲ. ಆ ಹಂತದಲ್ಲಿ ಸಿಕ್ಕಿಬಿದ್ದರೆ ಕ್ಯಾನ್ಸರ್ ಆಗುವುದನ್ನೇ ತಡೆಯಬಹುದು. ನಮ್ಮ ದೇಶದ ಸರಕಾರಿ ತಪಾಸಣೆ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಇದೆ. ಕೇರಳದ ಆರೋಗ್ಯ ಇಲಾಖೆ 2025ರ ಫೆಬ್ರವರಿ 4ರಂದು ಆರಂಭಿಸಿದ "ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ" (ಆರೋಗ್ಯವೇ ಆನಂದ, ಕ್ಯಾನ್ಸರನ್ನು ದೂರವಿಡೋಣ) ಅಭಿಯಾನದಲ್ಲಿ ಮೊದಲು ಕೈಗೆತ್ತಿಕೊಂಡದ್ದೂ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳನ್ನೇ.

ಪರೀಕ್ಷೆ ಮೂರು ಬಗೆಯದು. ಒಂದು, ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಬಿಟ್ಟು ನೋಡುವುದು. ಕೆಟ್ಟ ಭಾಗವಿದ್ದರೆ ಬೆಳ್ಳಗೆ ಕಾಣುತ್ತದೆ, ಫಲಿತಾಂಶ ಅಲ್ಲಿಯೇ ತಿಳಿಯುತ್ತದೆ. ಐವತ್ತು ದಾಟಿದವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುವುದರಿಂದ ಇದು ಅಷ್ಟು ನಂಬಿಕೆಗೆ ಅರ್ಹವಲ್ಲ. ಎರಡನೆಯದು ಪ್ಯಾಪ್ ಪರೀಕ್ಷೆ: ಮೃದುವಾದ ಬ್ರಷ್ಷಿನಿಂದ ಜೀವಕೋಶಗಳನ್ನು ಒರೆಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಮೂರು ವರ್ಷಕ್ಕೊಮ್ಮೆ ಸಾಕು. ಮೂರನೆಯದು ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ಮೂರರಲ್ಲಿ ಇದು ಹೆಚ್ಚು ಸೂಕ್ಷ್ಮ, ಖರ್ಚೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು ಈ ಪರೀಕ್ಷೆಯನ್ನೇ. ನಿಮ್ಮ ಹತ್ತಿರ ಯಾವುದು ಸಿಗುತ್ತದೋ ಅದನ್ನು ಮಾಡಿಸಿಕೊಳ್ಳಿ. ಒಳ್ಳೆಯದಕ್ಕಾಗಿ ಕಾದು ಯಾವುದನ್ನೂ ಮಾಡಿಸದಿರುವುದು ಬುದ್ಧಿವಂತಿಕೆಯಲ್ಲ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ. ಕಾಲ್ಪೊಸ್ಕೋಪ್ ಎಂಬ ಭೂತಗನ್ನಡಿಯಂತಹ ಉಪಕರಣದಿಂದ ಹಿಗ್ಗಿಸಿ ನೋಡಿ, ಬೇಕಾದರೆ ಚೂರು ತೆಗೆದು, ಕೆಟ್ಟ ಭಾಗವನ್ನು ಶೀತ ಅಥವಾ ಶಾಖದಿಂದ ನಾಶಪಡಿಸುತ್ತಾರೆ, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ, ಗರ್ಭಕೋಶ ಹಾಗೆಯೇ ಇರುತ್ತದೆ. ಇನ್ನು ಮಲಯಾಳದ ಕಾಗದದ ಮಾತು. ಸಹಿ ಹಾಕುವ ಮೊದಲು ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಹೇಳಿಸಿಕೊಳ್ಳುವ ಹಕ್ಕು ನಿಮಗಿದೆ. ಪೈವಳಿಕೆಯಂಥ ಊರಿನ ಕೇಂದ್ರದಲ್ಲಿ ಕನ್ನಡವೋ ತುಳುವೋ ಬಲ್ಲ ಸಿಬ್ಬಂದಿ ಒಬ್ಬರಾದರೂ ಇರುತ್ತಾರೆ, ಕೇಳಿ. ಫಲಿತಾಂಶದ ಚೀಟಿಯನ್ನು ಓದಲಾಗದೆಂದು ಮಡಚಿ ಪೆಟ್ಟಿಗೆಯಲ್ಲಿಡಬೇಡಿ.

ಪ್ರಶ್ನೆ: ತಿಂಗಳಲ್ಲಿ ಹದಿನೈದು ದಿನ ಮುಟ್ಟು ಹೋಗುತ್ತದೆ. ಮಕ್ಕಳಾಗಿ ಆಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಕ್ಯಾನ್ಸರಿನ ಭಯವೂ ಇರುವುದಿಲ್ಲ ಎಂದು ಒಬ್ಬ ವೈದ್ಯರು ಹೇಳಿದ್ದಾರೆ. ಒಳಪರೀಕ್ಷೆ ಮಾಡಲಿಲ್ಲ. ವಯಸ್ಸು 44. (ಬದಿಯಡ್ಕ)

ಉತ್ತರ: ಒಳಪರೀಕ್ಷೆ ಮಾಡದೆ ಕೊಟ್ಟ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಲವತ್ತರ ಬಳಿಕ ಮುಟ್ಟು ಏರುಪೇರಾಗುವುದು ಸಾಮಾನ್ಯ, ಗಡ್ಡೆಗಳಿಂದ ಹೆಚ್ಚು ರಕ್ತ ಹೋಗುವುದೂ ಸಾಮಾನ್ಯ. ಆದರೆ ಮುಟ್ಟು ಉದ್ದವಾಗುವುದು, ಎರಡು ಮುಟ್ಟಿನ ನಡುವೆ ರಕ್ತ ಕಾಣಿಸುವುದು ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣಗಳೂ ಹೌದು. ಈ ವಯಸ್ಸಿನಲ್ಲಿ ಅದು "ನಿಲ್ಲುವ ಕಾಲದ ಮುಟ್ಟು" ಎಂಬ ಹೆಸರಿನಲ್ಲಿ ಅಡಗಿಕೊಂಡು ಉಳಿಯುತ್ತದೆ.

ಗರ್ಭಕೊರಳಿನಲ್ಲಿ ಕ್ಯಾನ್ಸರ್ ಇದ್ದು, ಅದು ಗೊತ್ತಿಲ್ಲದೆ ಸಾಮಾನ್ಯ ರೀತಿಯಲ್ಲಿ ಗರ್ಭಕೋಶ ತೆಗೆದರೆ, ಸುತ್ತಲಿನ ಅಂಗಾಂಶದಲ್ಲಿ ರೋಗ ಉಳಿದುಬಿಡುತ್ತದೆ. ಈ ಕ್ಯಾನ್ಸರಿಗೆ ಮಾಡುವ ಶಸ್ತ್ರಚಿಕಿತ್ಸೆಯೇ ಬೇರೆ: ಅದರಲ್ಲಿ ಸಾಮಾನ್ಯವಾಗಿ ಗರ್ಭಕೊರಳಿನ ಅಕ್ಕಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ದುಗ್ಧರಸ (ಲಿಂಫ್) ಗ್ರಂಥಿಗಳನ್ನೂ ತೆಗೆಯುತ್ತಾರೆ, ಮತ್ತು ಅದು ಆರಂಭದ ಹಂತದಲ್ಲಿರುವವರಿಗೆ ಮಾತ್ರ. ಒಮ್ಮೆ ಅರೆಬರೆ ಆದ ಮೇಲೆ ಸರಿಪಡಿಸುವುದು ಕಷ್ಟ. ವಿಕಿರಣ ಚಿಕಿತ್ಸೆ ಕೊಡುವುದೂ ತೊಡಕಾಗುತ್ತದೆ. ಆದ್ದರಿಂದ ಮೊದಲು ಒಳಪರೀಕ್ಷೆ, ಪ್ಯಾಪ್, ಬೇಕಾದರೆ ಗರ್ಭಕೋಶದ ಒಳಪದರದ ಬಯಾಪ್ಸಿ ಆಗಲಿ. ಅವೆಲ್ಲ ಸರಿಯಿದ್ದರೆ ಮಾತ್ರೆ, ಹಾರ್ಮೋನು ಇರುವ ಗರ್ಭಾಶಯದ ಸಾಧನ ಮುಂತಾದ ದಾರಿಗಳಿವೆ. ಗರ್ಭಕೋಶ ತೆಗೆಸುವುದು ಕೊನೆಗೆ ಯೋಚಿಸಬೇಕಾದದ್ದು. ಅಡ್ವಾನ್ಸ್ ಕೊಟ್ಟಾಗಿದ್ದರೂ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ: ಅಮ್ಮನಿಗೆ 61. ಒಂದು ವರ್ಷದಿಂದ ಸೊಂಟನೋವು, ಈಗ ಎಡಗಾಲು ಬಾತುಕೊಂಡಿದೆ, ಮೂತ್ರ ಕಡಿಮೆಯಾಗಿದೆ. ಕಿಡ್ನಿಯಲ್ಲಿ ನೀರು ತುಂಬಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂತು. ವಿಚಾರಿಸಿದಾಗ ಎರಡು ವರ್ಷಗಳಿಂದ ಆಗಾಗ ರಕ್ತ ಹೋಗುತ್ತಿತ್ತು, ನಿಮಗೆ ಹೇಳಲಿಲ್ಲ ಎಂದರು. (ಆದೂರು)

ಉತ್ತರ: ನಾಳೆಯೇ ಕರೆದುಕೊಂಡು ಹೋಗಿ, ಮತ್ತು ಕಿಡ್ನಿ ತಜ್ಞರೊಂದಿಗೆ ಸ್ತ್ರೀರೋಗ ತಜ್ಞರಿಗೂ ತೋರಿಸಿ. ಗರ್ಭಕೊರಳಿನ ಎರಡೂ ಬದಿಯಲ್ಲಿ ಮೂತ್ರಪಿಂಡದಿಂದ ಇಳಿಯುವ ನಾಳಗಳು ಹಾದುಹೋಗುತ್ತವೆ. ಕ್ಯಾನ್ಸರ್ ಬದಿಗೆ ಹಬ್ಬಿದಾಗ ಆ ನಾಳ ಅಮುಕಿ ಹೋಗಿ ಮೂತ್ರಪಿಂಡದಲ್ಲಿ ನೀರು ತುಂಬುತ್ತದೆ. ದುಗ್ಧರಸ ನಾಳ ಮತ್ತು ರಕ್ತನಾಳಗಳು ಒತ್ತಲ್ಪಟ್ಟರೆ ಒಂದೇ ಕಾಲು ಬಾತುಕೊಳ್ಳುತ್ತದೆ. ನರಗಳಿಗೆ ತಾಗಿದರೆ ಸೊಂಟದಿಂದ ತೊಡೆಯವರೆಗೆ ನೋವು. ಮೂರೂ ಒಟ್ಟಿಗೆ ಇವೆ, ಹಿಂದೆ ರಕ್ತಸ್ರಾವವೂ ಇತ್ತು ಎಂದರೆ ಮುಂದುವರಿದ ಹಂತದ ಗರ್ಭಕೊರಳಿನ ಕ್ಯಾನ್ಸರ್ ಇದೆಯೇ ಎಂದು ನೋಡಲೇಬೇಕು. ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ, ಯೋನಿಯಿಂದ ಮೂತ್ರ ಸೋರುವುದು, ಕಾರಣವಿಲ್ಲದೆ ಮೈ ಇಳಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು ರಕ್ತಹೀನತೆ ಇವೂ ಇದೇ ಸಾಲಿನವು.

ಮುಂದುವರಿದಿದ್ದರೆ ಏನೂ ಮಾಡುವಂತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಹಂತದಲ್ಲೂ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ, ಆಮೇಲೆ ಗರ್ಭಕೊರಳಿನ ಒಳಗೇ ವಿಕಿರಣ ಮೂಲವಿಟ್ಟು ಕೊಡುವ ಬ್ರಾಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ಬಿಡುವು ಬಿದ್ದಷ್ಟೂ ಫಲ ಕಡಿಮೆ. ಆದ್ದರಿಂದ ಆಸ್ಪತ್ರೆಯನ್ನು ಆಯ್ದುಕೊಳ್ಳುವಾಗ ಹೆಸರಿಗಿಂತ ಮುಖ್ಯವಾದದ್ದು ದಿನವೂ ತಪ್ಪದೆ ಹೋಗಿಬರಲು ಆಗುತ್ತದೆಯೇ, ಬ್ರಾಕಿಥೆರಪಿ ಅಲ್ಲಿಯೇ ಇದೆಯೇ ಎಂಬುದು. ನಮ್ಮವರಿಗೆ ಮಂಗಳೂರು ಹತ್ತಿರ. ಕೇರಳದ ಒಳಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. 2020ರಲ್ಲಿ ಕೋವಿಡ್ ಸಮಯದಲ್ಲಿ ರಾಜ್ಯದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ನೆನಪಿರುವವರು ಎರಡೂ ಕಡೆ ವಿಚಾರಿಸಿಟ್ಟುಕೊಳ್ಳುತ್ತಾರೆ. ಕೇರಳದ ಆರೋಗ್ಯ ವಿಮೆಯ ಕಾರ್ಡು ಗಡಿಯಾಚೆಯ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ. ಇಷ್ಟು ದಿನ ಹೇಳಲಿಲ್ಲವೆಂದು ಅಮ್ಮನನ್ನು ಬೈಯಬೇಡಿ. ಈಗ ವೈದ್ಯರ ಎದುರು ಅವರು ಬಾಯಿಬಿಟ್ಟು ಹೇಳುವುದು ಬೇಕಾಗಿದೆ.

ಪ್ರಶ್ನೆ: ಮಗಳಿಗೆ 13. ಎಚ್‌ಪಿವಿ ಲಸಿಕೆ ಹಾಕಿಸಬಹುದೇ? ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. (ನೀರ್ಚಾಲು)

ಉತ್ತರ: ಹಾಕಿಸಬಹುದು, ಇದೇ ತಕ್ಕ ವಯಸ್ಸು. ವೈರಸ್ ತಗಲುವ ಮೊದಲೇ ಕೊಟ್ಟರೆ ಲಸಿಕೆಗೆ ಹೆಚ್ಚು ಬಲ. 2006ರಿಂದ ಜಗತ್ತಿನಲ್ಲಿ ಬಳಕೆಯಲ್ಲಿರುವ ಈ ಲಸಿಕೆಯಿಂದ ಬಂಜೆತನ ಬರುವುದಿಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಿದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಅದಕ್ಕಿಂತ ದೊಡ್ಡವರಿಗೆ ಮೂರು. ಒಂದೇ ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಕೊಂಡಿದೆ. ತೋಳು ನೋವು, ಸಣ್ಣ ಜ್ವರ ಬರಬಹುದು. ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲವಾದ್ದರಿಂದ ಅವಳಿಗೂ ಮೂವತ್ತರ ಮೇಲೆ ತಪಾಸಣೆ ಬೇಕು. ಈಗಾಗಲೇ ಲಕ್ಷಣಗಳಿರುವ ತಾಯಂದಿರಿಗೆ ಲಸಿಕೆ ಮದ್ದಲ್ಲ.

ಪ್ರಶ್ನೆ: ಪರೀಕ್ಷೆಗೆ ಹೋಗುವ ಮೊದಲು ಏನು ಸಿದ್ಧತೆ ಬೇಕು? (ವರ್ಕಾಡಿ)

ಉತ್ತರ: ಪ್ಯಾಪ್ ಪರೀಕ್ಷೆಗಾದರೆ ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ, ಎರಡು ದಿನ ಮೊದಲಿನಿಂದ ಕೂಡುವುದು ಬೇಡ, ಯೋನಿಯೊಳಗೆ ಮದ್ದು ಇಡುವುದು, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ. ಕೊನೆಯ ಮುಟ್ಟಿನ ತಾರೀಕು, ನಡುವೆ ರಕ್ತ ಕಂಡ ದಿನಗಳು, ನುಂಗುತ್ತಿರುವ ಮಾತ್ರೆಗಳ ಹೆಸರು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉಪವಾಸ ಬೇಕಿಲ್ಲ, ಜೊತೆಗೆ ಅಕ್ಕನೋ ನಾದಿನಿಯೋ ಬಂದರೆ ಒಳ್ಳೆಯದು. ಇದೆಲ್ಲ ತೊಂದರೆಯಿಲ್ಲದೆ ತಪಾಸಣೆಗೆ ಹೋಗುವವರಿಗೆ. ಬಿಡದೆ ರಕ್ತ ಹೋಗುತ್ತಿರುವವರು ಅದು ನಿಂತ ಮೇಲೆ ಹೋಗೋಣವೆಂದು ಕಾಯಬಾರದು, ರಕ್ತ ಹೋಗುತ್ತಿರುವಾಗಲೇ ಹೋಗಬೇಕು; ಎಲ್ಲಿಂದ ಬರುತ್ತಿದೆಯೆಂದು ವೈದ್ಯರಿಗೆ ಆಗ ನೇರವಾಗಿ ನೋಡಲು ಸಿಗುತ್ತದೆ.